ಮಳೆಕಾಡಿನ ನೆತ್ತಿಯ ಮೇಲಿನ ಗಾಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಉಷ್ಣವಲಯದ ಕಾಡಿನ ಬಗ್ಗೆ ಮಾತು ಶುರುವಾದರೆ ಮರ, ಮಳೆ, ಪ್ರಾಣಿ ಎಂದು ಸುತ್ತಿ ಕೊನೆಗೆ ಗಾಳಿಗೆ ಬಂದು ನಿಲ್ಲುತ್ತದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭವಾದವು ಮೊದಲು, ತಲೆ ಕೆಡಿಸುವಂಥವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಮೆಟ್ಟಿಲು

ಕಾಡಿನೊಳಗೆ ಒಂದು ಎಲೆಯೂ ಅಲ್ಲಾಡಲ್ಲ, ಮೇಲೆ ಮಾತ್ರ ಭೋರೆನ್ನುತ್ತೆ. ಇದು ಹೇಗೆ?

ಗಾಳಿಯ ವೇಗವನ್ನು ಎಲೆಗಳು ಮೇಲಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವಾಗಿ ನುಂಗಿಹಾಕುತ್ತವೆ. ದಟ್ಟ ಮಳೆಕಾಡಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲಿರುವ ಎಲೆಗಳನ್ನೆಲ್ಲ ಕಿತ್ತು ಹಾಸಿದರೆ 5–6 ಚದರ ಮೀಟರ್ ಆಗುತ್ತದೆ. ಇಷ್ಟೂ ಎಲೆ, ಕಡ್ಡಿ, ಬಳ್ಳಿಗಳಿಗೆ ತಾಗಿ ತಾಗಿ ಗಾಳಿ ಸೊರಗುತ್ತದೆ. ನೆತ್ತಿಯಲ್ಲಿ ಸೆಕೆಂಡಿಗೆ 2–3 ಮೀಟರ್ ಇದ್ದ ಗಾಳಿ ನೆಲ ಮುಟ್ಟುವ ಹೊತ್ತಿಗೆ ಹತ್ತರಲ್ಲೊಂದು ಪಾಲಿನಷ್ಟೂ ಉಳಿದಿರುವುದಿಲ್ಲ. ಈ ಇಳಿಕೆ ಒಂದೇ ಸಮನಾಗಿಲ್ಲ. ಎಲೆ ಹೆಚ್ಚಿರುವ ಮೇಲುಭಾಗದಲ್ಲಿ ವೇಗ ಥಟ್ಟನೆ ಕುಸಿಯುತ್ತದೆ. ಕೆಳಗೆ ಬರೀ ಬೊಡ್ಡೆಗಳಿರುವ ಕಡೆ ತಡೆ ಕಡಿಮೆ, ಹಾಗಾಗಿ ಅಲ್ಲಿ ಗಾಳಿ ತುಸು ಚೇತರಿಸಿಕೊಳ್ಳುವುದೂ ಉಂಟು.

ಟರ್ಬುಲೆನ್ಸ್ ಅಂದ್ರೆ ಜೋರು ಗಾಳಿ ಅಂತಲೇ ಅಲ್ವಾ?

ಅಲ್ಲ. ಜೋರು ಬೇರೆ, ಕ್ಷೋಭೆ ಬೇರೆ. ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಬೀಸುವ ಗಾಳಿ ಎಷ್ಟೇ ಜೋರಾಗಿದ್ದರೂ ಅದು ಶಾಂತ ಹರಿವೇ. ವೇಗ, ದಿಕ್ಕು ಎರಡೂ ಕ್ಷಣಕ್ಷಣಕ್ಕೂ ಬದಲಾಗುತ್ತ, ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗಿ, ಅವು ಇನ್ನೂ ಸಣ್ಣವಾಗಿ, ಕೊನೆಗೆ ಮಿಲಿಮೀಟರ್ ಗಾತ್ರಕ್ಕಿಳಿದು ಶಾಖವಾಗಿ ಕರಗಿಹೋಗುವುದೇ ಟರ್ಬುಲೆನ್ಸ್. ಕಾಡಿನ ಮೇಲೆ ಸರಾಸರಿ ಗಾಳಿ ಮೆಲ್ಲಗಿದ್ದರೂ ಕ್ಷೋಭೆ ಬಲವಾಗಿರುತ್ತದೆ. ಎಲೆಹಂದರದ ಒಳಗಂತೂ ವೇಗದ ಏರಿಳಿತ ಸರಾಸರಿ ವೇಗವನ್ನೇ ಮೀರಿಸಬಹುದು. ಹಾಗಾಗಿ "ಇಲ್ಲಿ ಗಾಳಿ ಇಷ್ಟು" ಎಂದು ಒಂದು ಸಂಖ್ಯೆ ಹೇಳಿದರೆ ಕಾಡಿನ ಮಟ್ಟಿಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಬಯಲಿನ ಮೇಲೆ ಬೀಸೋ ಗಾಳಿಗೂ ಕಾಡಿನ ಮೇಲೆ ಬೀಸೋ ಗಾಳಿಗೂ ಏನು ವ್ಯತ್ಯಾಸ?

ಹುಲ್ಲುಗಾವಲು ಗಾಳಿಗೆ ನೆಲವಾಗಿ ಸಿಗುತ್ತದೆ. ಕಾಡು ಹಾಗಲ್ಲ, ಅದು ತೂತುತೂತಾದ ಹಾಸು. ಗಾಳಿ ಅದರ ಮೇಲೂ ಹೋಗುತ್ತದೆ, ಒಳಗೂ ನುಗ್ಗುತ್ತದೆ. ಲೆಕ್ಕದಲ್ಲಿ ಇದನ್ನು ಎರಡು ಅಳತೆಗಳಿಂದ ಹಿಡಿಯುತ್ತಾರೆ. ಒಂದು, ಗಾಳಿಯ ಪಾಲಿಗೆ ನೆಲವೇ ಮೇಲೆದ್ದಂತಾಗುತ್ತದೆ: ಮರಗಳ ಎತ್ತರದ ಮುಕ್ಕಾಲು ಭಾಗದ ಆಸುಪಾಸಿನಲ್ಲಿ ಒಂದು ಹುಸಿನೆಲ. ಇನ್ನೊಂದು, ಮೇಲ್ಮೈ ಎಷ್ಟು ಒರಟು ಎಂಬುದು. ಹುಲ್ಲಿಗೆ ಈ ಒರಟುತನದ ಅಳತೆ ಕೆಲವು ಸೆಂಟಿಮೀಟರ್, ಅಮೆಜಾನ್ ಕಾಡಿಗೆ ಸುಮಾರು 2 ಮೀಟರ್. ಉಷ್ಣವಲಯದ ಕಾಡು ಇದರಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಎಲ್ಲ ಮರಗಳೂ ಒಂದೇ ಎತ್ತರಕ್ಕೆ ಬೆಳೆದಿರುವುದಿಲ್ಲ. 35 ಮೀಟರಿನ ಹಾಸಿನ ನಡುವೆ ಅಲ್ಲೊಂದು ಇಲ್ಲೊಂದು ಮರ 50–60 ಮೀಟರ್‌ಗೆ ತಲೆ ಎತ್ತಿರುತ್ತದೆ. ಬೋರ್ನಿಯೊದ ಸಬಾದಲ್ಲಿ 2019ರಲ್ಲಿ ಅಳೆದ ಹಳದಿ ಮೆರಾಂಟಿ ಮರವೊಂದು ನೂರು ಮೀಟರ್ ದಾಟಿದೆ. ಅಂಥ ಒಂಟಿ ಮರಗಳ ಹಿಂದೆಲ್ಲ ಗಾಳಿ ಒಡೆದು ಸುಳಿಯಾಗುತ್ತದೆ.

ಅಮೆಜಾನ್ ಮೇಲೆ ಹಾರುವಾಗ ವಿಮಾನ ಕುಲುಕುತ್ತೆ. ಮರಗಳೇ ಕಾರಣಾನಾ?

ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಮರಗಳ ಒರಟುತನ ತಾಗುವುದಿಲ್ಲ. ಅಲ್ಲಿ ಕುಲುಕಿಸುವುದು ಸಮಭಾಜಕದ ಸುತ್ತ 15 ಕಿಲೋಮೀಟರ್ ಮೀರಿ ಬೆಳೆಯುವ ಗುಡುಗುಮೋಡ. ಆ ಮೋಡಕ್ಕೆ ತೇವ ಒದಗಿಸುವುದರಲ್ಲಿ ಕಾಡಿನ ಪಾಲಿದೆ, ಅಷ್ಟೇ. ಸಣ್ಣ ವಿಮಾನ ಒಂದು ಕಿಲೋಮೀಟರಿಗಿಂತ ಕೆಳಗೆ ಹಾರುತ್ತಿದ್ದರೆ ಮಾತು ಬೇರೆ. ಮಧ್ಯಾಹ್ನ ಕಾದ ಕಾಡಿನಿಂದ ಏಳುವ ಬಿಸಿಗಾಳಿಯ ಕಂಬಗಳು ಅದಕ್ಕೆ ನೇರವಾಗಿ ತಾಗುತ್ತವೆ.

ಗಾಳಿ ಆಡೋದರಿಂದ ಮರಕ್ಕೇನು ಲಾಭ?

ಎಲೆಗೆ ಅಂಟಿಕೊಂಡಂತೆ ಒಂದು ತೆಳುವಾದ ನಿಂತ ಗಾಳಿಯ ಪದರ ಇರುತ್ತದೆ. ಎಲೆಯ ಸಣ್ಣ ರಂಧ್ರಗಳಿಂದ ನೀರಾವಿ ಹೊರಬರುವುದೂ ಇಂಗಾಲದ ಡೈಆಕ್ಸೈಡ್ ಒಳಹೋಗುವುದೂ ಆ ಪದರವನ್ನು ದಾಟಿಯೇ. ಗಾಳಿ ಬೀಸಿದಾಗ ಪದರ ತೆಳುವಾಗುತ್ತದೆ, ವಿನಿಮಯ ಚುರುಕಾಗುತ್ತದೆ, ಬಿಸಿಲಿಗೆ ಕಾದ ಎಲೆ ತಣಿಯುತ್ತದೆ. ಬೀಜ ಪಯಣದ್ದು ಇನ್ನೊಂದು ಲಾಭ. ಕಪೋಕ್ ಮರದ ಅರಳೆ ಅಂಟಿದ ಬೀಜ, ಮೆರಾಂಟಿ ಜಾತಿಗಳ ರೆಕ್ಕೆ ಬೀಜ ನಿಂತ ಗಾಳಿಯಲ್ಲಿ ಬಿದ್ದರೆ ತಾಯಿಮರದ ಬುಡದಲ್ಲೇ ಉಳಿಯುತ್ತವೆ. ಮೇಲಕ್ಕೆತ್ತುವ ಒಂದು ಸುಳಿ ಸಿಕ್ಕಿದರೆ ಮಾತ್ರ ನೆತ್ತಿ ದಾಟಿ ದೂರ ಹೋಗುತ್ತವೆ.

## ಹಗಲು, ರಾತ್ರಿ, ಮಳೆ

ಹಗಲಲ್ಲಿ ಒಂದು ಥರ, ರಾತ್ರಿ ಇನ್ನೊಂದು ಥರ ಅಂತಾರೆ. ಏನು ಬದಲಾಗುತ್ತೆ?

ಹೆಚ್ಚುಕಡಿಮೆ ಎಲ್ಲವೂ ತಲೆಕೆಳಗಾಗುತ್ತದೆ. ಈ ವಿಷಯದಲ್ಲಿ ನನಗೆ ಅತಿ ಸೋಜಿಗ ಅನ್ನಿಸಿರುವುದೂ ಇದೇ.

ಹಗಲು ಬಿಸಿಲು ಬೀಳುವುದು ನೆತ್ತಿಯ ಎಲೆಗಳ ಮೇಲೆ. ನೆಲಕ್ಕೆ ಇಳಿಯುವ ಬೆಳಕು ನೂರಕ್ಕೆ ಒಂದೆರಡು ಪಾಲು ಮಾತ್ರ. ಆದ್ದರಿಂದ ಕಾದ ತಟ್ಟೆ ನೆಲವಲ್ಲ, ನೆತ್ತಿ. ಅದರ ಮೇಲಿನ ಗಾಳಿ ಬಿಸಿಯಾಗಿ ಏಳುತ್ತದೆ, ಬೆರಕೆ ಜೋರಾಗುತ್ತದೆ, ಮಧ್ಯಾಹ್ನದ ವೇಳೆಗೆ ಆ ಬೆರೆತ ಪದರ ಒಂದು ಕಿಲೋಮೀಟರಿಗೂ ಮೇಲೆ ಬೆಳೆಯುತ್ತದೆ. ಆದರೆ ಅದೇ ಹೊತ್ತಿನಲ್ಲಿ ನೆತ್ತಿಯ ಕೆಳಗೆ, ತಂಪು ಗಾಳಿ ಕೆಳಗೂ ಬಿಸಿಗಾಳಿ ಮೇಲೂ ಇರುವುದರಿಂದ, ಒಳಗಿನ ಗಾಳಿ ಕದಲದೆ ಕೂತಿರುತ್ತದೆ. ನಡುಹಗಲಲ್ಲೂ ಕಾಡಿನ ತಳ ಬೇರೆಯೇ ಒಂದು ಕೋಣೆ.

ಸೂರ್ಯ ಮುಳುಗಿದ ಮೇಲೆ ನೆತ್ತಿಯ ಎಲೆಗಳು ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ತಣಿಯುತ್ತವೆ. ತಣಿದ ಗಾಳಿ ಭಾರ, ಅದು ಎಲೆಗಳ ಸಂದಿನಿಂದ ಒಳಕ್ಕೆ ಜಾರುತ್ತದೆ. ಹೀಗೆ ರಾತ್ರಿ ಕಾಡಿನ ಒಳಗೇ ಮೆಲ್ಲನೆಯ ಕಲಕಾಟ ನಡೆಯುತ್ತದೆ, ಮೇಲೆ ಗಾಳಿ ಪದರಪದರವಾಗಿ ನಿಂತುಬಿಡುತ್ತದೆ. ಮಣ್ಣು, ಬೇರು, ಕೊಳೆಯುವ ತರಗೆಲೆಗಳಿಂದ ಬಂದ ಇಂಗಾಲದ ಡೈಆಕ್ಸೈಡ್ ಒಳಗೇ ಜಮಾಯಿಸಿ, ನಸುಕಿನ ಹೊತ್ತಿಗೆ ನೆಲದ ಬಳಿ 500 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 500 ಪಾಲು) ದಾಟುವುದುಂಟು. ಬೆಳಗಿನ ಬಿಸಿಲು ಬಿದ್ದು ಮುಚ್ಚಳ ತೆರೆದಾಗ ಅದರಲ್ಲೊಂದು ಭಾಗ ಒಮ್ಮೆಗೇ ಮೇಲೇರುತ್ತದೆ, ಇನ್ನೊಂದು ಭಾಗವನ್ನು ಎದ್ದ ಎಲೆಗಳೇ ಹೀರಿಕೊಳ್ಳುತ್ತವೆ.

ಉಪಗ್ರಹದ ಚಿತ್ರದಲ್ಲಿ ಕಾಡಿನ ಮೇಲೆಲ್ಲ ಮೋಡ, ನದಿಯ ಮೇಲೆ ಮಾತ್ರ ಖಾಲಿ. ಯಾಕೆ ಹಾಗೆ?

ಹಗಲಲ್ಲಿ ಅಗಲವಾದ ನದಿಯ ನೀರು ಕಾಡಿಗಿಂತ ತಂಪಾಗಿರುತ್ತದೆ. ಕಾಡಿನ ಮೇಲೆ ಗಾಳಿ ಏಳುತ್ತದೆ, ಆ ಜಾಗ ತುಂಬಲು ನದಿಯ ಕಡೆಯಿಂದ ಗಾಳಿ ದಡಕ್ಕೆ ಹರಿಯುತ್ತದೆ, ನದಿಯ ಮೇಲೆ ಗಾಳಿ ಇಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಹೀಗೆ ಮಧ್ಯಾಹ್ನದ ಚಿತ್ರಗಳಲ್ಲಿ ಹತ್ತಿ ಉಂಡೆಗಳನ್ನು ಚೆಲ್ಲಿದಂಥ ಮೋಡಗಳ ನಡುವೆ ನದಿಯ ತಿರುವು ತಿರುವೂ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಕಣ್ಣಿಗೆ ಕಾಣದ ಗಾಳಿಯ ನಕ್ಷೆಯನ್ನು ಮೋಡವೇ ಬರೆದು ತೋರಿಸುವ ಅಪರೂಪದ ನೋಟ ಅದು.

ಮಳೆಗೆ ಮುಂಚೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಅಪ್ಪಳಿಸುತ್ತಲ್ಲ, ಅದು ಎಲ್ಲಿಂದ?

ಮೋಡದೊಳಗಿಂದ. ಬೀಳುವ ಹನಿಗಳು ಆವಿಯಾಗುತ್ತ ಸುತ್ತಲಿನ ಗಾಳಿಯನ್ನು ತಣಿಸುತ್ತವೆ. ಭಾರವಾದ ಆ ಗಾಳಿ ಕೆಳಕ್ಕೆ ಸುರಿದು ಕಾಡಿನ ನೆತ್ತಿಗೆ ಬಡಿದು ನಾಲ್ಕೂ ಕಡೆ ಹರಡುತ್ತದೆ. ಕೆಲವೇ ನಿಮಿಷಗಳಲ್ಲಿ ಉಷ್ಣತೆ ಹಲವು ಡಿಗ್ರಿ ಇಳಿಯುತ್ತದೆ. ಈ ಸುರಿತ ಮೇಲಿನ ಗಾಳಿಯ ಓಜೋನನ್ನೂ ಜೊತೆಗೆ ತರುತ್ತದೆ. ಬ್ರೆಜಿಲ್‌ನ ರೊಂಡೋನಿಯಾದಲ್ಲಿ ಮಳೆಮೋಡದ ಗಾಳಿ ಇಳಿದಾಗ ನೆಲದ ಓಜೋನ್ ಥಟ್ಟನೆ ಏರಿದ್ದನ್ನು ಅಳೆದು ದಾಖಲಿಸಿದ್ದಾರೆ. ಗಾಢ ರಾತ್ರಿಯ ನಿಂತ ಗಾಳಿಯನ್ನೂ ಕಲಕಿಬಿಡುವ ಶಕ್ತಿ ಇದಕ್ಕಿದೆ.

ಅಮೆಜಾನ್‌ಗೆ ಚಂಡಮಾರುತ ಬರಲ್ಲ ಅಂತಾರೆ. ಹಾಗಾದ್ರೆ ಗಾಳಿಗೆ ಅಷ್ಟೊಂದು ಮರ ಬೀಳೋದು ಹೇಗೆ?

ಸಮಭಾಜಕದ ತೀರ ಹತ್ತಿರ ಭೂಮಿಯ ತಿರುಗುವಿಕೆಯ ಪರಿಣಾಮ ಗಾಳಿಯನ್ನು ಸುತ್ತಿಸುವಷ್ಟು ಬಲವಾಗಿಲ್ಲ. ಸುಮಾರು 5 ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತ ಹುಟ್ಟುವುದೇ ಅಪರೂಪ. ಪೋರ್ಟೊ ರಿಕೊದ ಕಾಡುಗಳು 1989ರಲ್ಲಿ ಹ್ಯೂಗೊ, 2017ರಲ್ಲಿ ಮರಿಯಾ ಚಂಡಮಾರುತಗಳ ಏಟು ತಿಂದವು, ನಡು ಅಮೆಜಾನ್‌ಗೆ ಆ ಭಯವಿಲ್ಲ. ಅಲ್ಲಿ ಮರ ಉರುಳಿಸುವುದು ಮಳೆಮೋಡದಿಂದ ಕೆಳಕ್ಕೆ ಸುರಿಯುವ ತಣ್ಣನೆ ಗಾಳಿಯೇ, ಅದರ ಉಗ್ರ ರೂಪ. ಸಾಲುಗಟ್ಟಿದ ಗುಡುಗುಮೋಡಗಳು ಸಾಗುವಾಗ ಒಂದೊಂದು ಕಡೆ ಗಾಳಿ ನೆಲಕ್ಕಪ್ಪಳಿಸಿ ಬೀಸಣಿಗೆಯ ಆಕಾರದಲ್ಲಿ ಮರಗಳನ್ನು ಮಲಗಿಸುತ್ತದೆ. 2005ರ ಜನವರಿಯಲ್ಲಿ ಇಂಥ ಒಂದು ಮೋಡಸಾಲು ನೈರುತ್ಯದಿಂದ ಈಶಾನ್ಯಕ್ಕೆ ಅಮೆಜಾನ್ ಜಲಾನಯನವನ್ನೇ ದಾಟಿತು. ಅದರಿಂದ ಸತ್ತ ಮರಗಳು ಸುಮಾರು ಐವತ್ತು ಕೋಟಿ ಇರಬಹುದೆಂದು 2010ರಲ್ಲಿ ಪ್ರಕಟವಾದ ಅಂದಾಜು ಹೇಳಿತು. ಅಂದಾಜೇ ಸರಿ, ಎರಡೂ ಕಡೆ ಹೆಚ್ಚುಕಡಿಮೆಗೆ ಜಾಗವಿರುವ ಅಂದಾಜು. ಆದರೂ ಎರಡು ಮೂರು ದಿನದ ಗಾಳಿಯ ಲೆಕ್ಕ ಅದು.

## ಅಳೆಯುವ ಬಗೆ

ಕಾಡಿನ ಮಧ್ಯೆ 300 ಮೀಟರ್ ಗೋಪುರ ಯಾಕೆ ಕಟ್ಟಬೇಕಿತ್ತು?

ಮನಾಸ್ ನಗರದಿಂದ ಸುಮಾರು 150 ಕಿಲೋಮೀಟರ್ ಈಶಾನ್ಯಕ್ಕೆ ನಿಂತಿರುವ ಆಟೊ (ATTO, ಅಮೆಜಾನ್ ಟಾಲ್ ಟವರ್ ಅಬ್ಸರ್ವೇಟರಿ) ಗೋಪುರದ ಎತ್ತರ 325 ಮೀಟರ್. ಬ್ರೆಜಿಲ್ ಮತ್ತು ಜರ್ಮನಿ ಸೇರಿ ಕಟ್ಟಿದ ಇದು 2015ರಲ್ಲಿ ಉದ್ಘಾಟನೆಯಾಯಿತು. ಮರಗಳಿಗೆ ತೀರ ಹತ್ತಿರ ಅಳೆದರೆ ಪಕ್ಕದ ನಾಲ್ಕು ಮರಗಳ ಗಾಳಿ ಮಾತ್ರ ಸಿಗುತ್ತದೆ. ಅಳತೆಯ ಎತ್ತರ ಹೆಚ್ಚಿದಷ್ಟೂ ಹೆಚ್ಚು ದೂರದ ಕಾಡಿನ ಕತೆ ಗಾಳಿಯಲ್ಲಿ ಬೆರೆತು ಬರುತ್ತದೆ. ಮರಗಳ ಎತ್ತರದ ಎರಡು ಮೂರು ಪಟ್ಟು ಮೇಲಿನವರೆಗೂ ಗಾಳಿ ಒಂದೊಂದು ಮರದ ಪ್ರಭಾವದಿಂದ ಬಿಡಿಸಿಕೊಂಡಿರುವುದಿಲ್ಲ. ಈ ಪದರವನ್ನು ಒರಟು ಉಪಪದರ ಅನ್ನಬಹುದು. 35–40 ಮೀಟರ್ ಕಾಡಿಗೆ ಅದೇ ನೂರು ಮೀಟರ್ ಆಯಿತು. ಜೊತೆಗೆ, ರಾತ್ರಿ ಕಾಡಿನ ಮೇಲಿನ ತಣ್ಣನೆ ಪದರ ಕೆಲವೊಮ್ಮೆ ಗೋಪುರದ ತುದಿಗಿಂತ ಕೆಳಗೇ ಮುಗಿಯುತ್ತದೆ. ಆಗ ಒಂದೇ ಗೋಪುರದಲ್ಲಿ ಪದರದ ಒಳಗೂ ಹೊರಗೂ ಒಟ್ಟಿಗೆ ಅಳೆಯಬಹುದು.

ಕಣ್ಣಿಗೆ ಕಾಣದ ಸುಳಿಯನ್ನ ಅಳೀತಾರೆ ಅಂದ್ರೆ ನಂಬೋದು ಹೇಗೆ?

ಶಬ್ದದಿಂದ ಅಳೆಯುತ್ತಾರೆ. ಸೋನಿಕ್ ಅನಿಮೋಮೀಟರ್ ನೋಡಲು ಎದುರುಬದುರು ಚಾಚಿದ ಮೂರು ಜೊತೆ ಬೆರಳುಗಳಂತಿರುತ್ತದೆ. ಒಂದು ಬೆರಳ ತುದಿಯಿಂದ ಎದುರಿನದಕ್ಕೆ ಹತ್ತು ಹದಿನೈದು ಸೆಂಟಿಮೀಟರ್ ಅಂತರ. ಶಬ್ದದ ಮಿಡಿತ ಅಷ್ಟು ದೂರ ಹೋಗಲು ತೆಗೆದುಕೊಳ್ಳುವುದು ಸೆಕೆಂಡಿನ ಸುಮಾರು ಮೂರು ಸಾವಿರದಲ್ಲೊಂದು ಪಾಲು. ಗಾಳಿ ಜೊತೆಗಿದ್ದರೆ ಬೇಗ ತಲುಪುತ್ತದೆ, ಎದುರಿದ್ದರೆ ತಡ. ಹೋಗುವಾಗಿನ, ಬರುವಾಗಿನ ಹೊತ್ತಿನ ವ್ಯತ್ಯಾಸದಿಂದ ಆ ದಿಕ್ಕಿನ ವೇಗ ಗೊತ್ತಾಗುತ್ತದೆ. ಮೂರು ಜೊತೆ ಸೇರಿ ಗಾಳಿಯ ಮೂರೂ ದಿಕ್ಕನ್ನು ಹೇಳುತ್ತವೆ, ಸೆಕೆಂಡಿಗೆ 10 ಅಥವಾ 20 ಸಲ. ತಿರುಗುವ ಚಕ್ರ, ಬಟ್ಟಲು ಏನೂ ಇಲ್ಲ, ಹಾಗಾಗಿ ಸಣ್ಣ ಸುಳಿಯೂ ತಪ್ಪಿಸಿಕೊಳ್ಳುವುದಿಲ್ಲ.

ಇದರ ಪಕ್ಕದಲ್ಲೇ ನೀರಾವಿ, ಇಂಗಾಲದ ಡೈಆಕ್ಸೈಡ್ ಅಳೆಯುವ ಉಪಕರಣ ಇಡುತ್ತಾರೆ. ಮೇಲೇರುವ ಗಾಳಿಯಲ್ಲಿ ಅನಿಲ ಎಷ್ಟು, ಇಳಿಯುವ ಗಾಳಿಯಲ್ಲಿ ಎಷ್ಟು ಎಂದು ಅರ್ಧ ಗಂಟೆ ಲೆಕ್ಕವಿಟ್ಟರೆ ಕಾಡು ಕೊಟ್ಟದ್ದೆಷ್ಟು, ತೆಗೆದುಕೊಂಡದ್ದೆಷ್ಟು ಎಂಬುದು ಸಿಗುತ್ತದೆ. ಎಡ್ಡಿ ಕೋವೇರಿಯನ್ಸ್ ಎನ್ನುವುದು ಈ ವಿಧಾನವನ್ನೇ.

ರಾತ್ರಿಯ ಅಳತೆ ನಂಬಬಾರದು ಅಂತ ಕೇಳಿದೀನಿ. ನಿಜಾನಾ?

ಕಣ್ಣುಮುಚ್ಚಿ ನಂಬಬಾರದು. ಗೋಪುರದ ಮೇಲೆ ಅನಿಲದ ಲೆಕ್ಕವಿಡುವ ಎಡ್ಡಿ ಕೋವೇರಿಯನ್ಸ್ ವಿಧಾನ ನಿಂತಿರುವುದೇ ಸುಳಿಗಳ ಮೇಲೆ. ಗಾಳಿ ನಿಂತ ರಾತ್ರಿ ಕಾಡು ಉಸಿರು ಬಿಡುತ್ತಲೇ ಇರುತ್ತದೆ, ಆದರೆ ಆ ಉಸಿರನ್ನು ಗೋಪುರದ ತುದಿಗೆ ಹೊತ್ತೊಯ್ಯುವ ಸುಳಿಯೇ ಇರುವುದಿಲ್ಲ. ತಣ್ಣನೆ ಗಾಳಿ ಇಳಿಜಾರಿನಲ್ಲಿ ನೀರಿನಂತೆ ಹರಿದು, ಅನಿಲವನ್ನು ಕಣಿವೆಗೆ ಸಾಗಿಸಿಬಿಡುತ್ತದೆ. ಉಪಕರಣ "ಏನೂ ಬರಲಿಲ್ಲ" ಅನ್ನುತ್ತದೆ. ಹಗಲಿನಲ್ಲಿ ಹೀರಿದ್ದು ಪೂರ್ತಿ ಲೆಕ್ಕಕ್ಕೆ ಬಂದು ರಾತ್ರಿ ಬಿಟ್ಟದ್ದು ಬಿಟ್ಟುಹೋದರೆ, ಕಾಡು ಇಂಗಾಲವನ್ನು ಹೇರಳವಾಗಿ ಕೂಡಿಡುತ್ತಿದೆ ಎಂಬ ಸುಳ್ಳು ಚಿತ್ರ ಮೂಡುತ್ತದೆ.

ಅಮೆಜಾನ್‌ನ ಸಾಂತಾರೆಮ್ ಬಳಿಯ ತಪಾಜೋಸ್ ಕಾಡಿನಲ್ಲಿ ಇದು ಎದ್ದು ಕಂಡಿತು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಳಿ ಇಲ್ಲದ ರಾತ್ರಿಗಳ ದಾಖಲೆ ತೆಗೆದು, ಚೆನ್ನಾಗಿ ಬೆರಕೆಯಾದ ರಾತ್ರಿಗಳ ಆಧಾರದಲ್ಲಿ ಆ ಜಾಗ ತುಂಬಿದಾಗ, ಇಂಗಾಲ ಹೀರುವಂತೆ ಕಂಡಿದ್ದ ಕಾಡು ಆ ವರ್ಷಗಳಲ್ಲಿ ಇಂಗಾಲ ಬಿಡುತ್ತಿದ್ದ ಕಾಡಾಗಿ ಬದಲಾಯಿತು. ಮರ ಅವೇ, ಉಪಕರಣ ಅದೇ. ಗಾಳಿ ನಿಂತ ರಾತ್ರಿಗಳನ್ನು ಹೇಗೆ ಎಣಿಸಬೇಕೆಂಬ ಒಂದು ತೀರ್ಮಾನದ ಮೇಲೆ ಉತ್ತರದ ಚಿಹ್ನೆಯೇ ಬದಲಾಯಿತು. ಕಾಡಿನ ಇಂಗಾಲದ ಅಂಕಿ ಯಾರಾದರೂ ಹೇಳಿದರೆ "ರಾತ್ರಿಯ ಲೆಕ್ಕ ಹೇಗೆ ಮಾಡಿದಿರಿ?" ಎಂದು ಕೇಳುವುದು ನನ್ನ ಅಭ್ಯಾಸ.

## ಇನ್ನೂ ಒಳಕ್ಕೆ

ಸುಳಿ ಹುಟ್ಟೋದು ಮರಗಳ ಉಬ್ಬುತಗ್ಗಿಗೆ ಗಾಳಿ ಡಿಕ್ಕಿ ಹೊಡೆದು ತಾನೆ?

ಎಲೆ, ಕೊಂಬೆಗಳ ಹಿಂದೆ ಹುಟ್ಟುವ ಸಣ್ಣ ಸುಳಿಗಳು ಹಾಗೆಯೇ ಹುಟ್ಟುತ್ತವೆ, ಬೇಗನೆ ಸಾಯುತ್ತವೆ. ವಿನಿಮಯದ ದೊಡ್ಡ ಕೆಲಸ ಮಾಡುವ ಸುಳಿಗಳ ಹುಟ್ಟು ಬೇರೆ. ನೆತ್ತಿಯ ಮೇಲೆ ವೇಗದ ಗಾಳಿ, ಕೆಳಗೆ ನಿಧಾನದ ಗಾಳಿ. ಎರಡು ವೇಗದ ಹರಿವುಗಳು ಒಂದರ ಮೇಲೊಂದು ಸಾಗುವಾಗ ನಡುವಿನ ಗಡಿ ನೆಟ್ಟಗೆ ಉಳಿಯುವುದಿಲ್ಲ. ಅಲೆಯಾಗುತ್ತದೆ, ಅಲೆ ಸುರುಳಿಯಾಗುತ್ತದೆ, ಸುರುಳಿ ಒಡೆಯುತ್ತದೆ. ಇದಕ್ಕೆ ಕೆಲ್ವಿನ್–ಹೆಲ್ಮ್‌ಹೋಲ್ಟ್ಸ್ ಅಸ್ಥಿರತೆ ಎಂದು ಹೆಸರು. ಕಾಡಿನ ನೆತ್ತಿಯ ಗಾಳಿ ಗೋಡೆಯನ್ನು ಸವರಿ ಹೋಗುವ ಹರಿವಿನಂತಲ್ಲ, ಹೀಗೆ ಎರಡು ಹರಿವು ಬೆರೆಯುವ ಪದರದಂತೆ ಎಂದು 1996ರಲ್ಲಿ ರೌಪಾಕ್, ಫಿನಿಗನ್, ಬ್ರುನೆ ಎಂಬ ಮೂವರು ವಾದಿಸಿದರು. ಈ ಕ್ಷೇತ್ರದ ದಿಕ್ಕನ್ನೇ ತಿರುಗಿಸಿದ ಮಾತು ಅದು. ಸುಳಿಗಳ ನಡುವಿನ ಅಂತರ ಮರಗಳ ಎತ್ತರಕ್ಕೆ ತಕ್ಕಂತೆ ಇರುವುದು, ಅವು ಸಾಲಾಗಿ ಬರುವುದು ಎಲ್ಲಕ್ಕೂ ಇದರಿಂದ ಅರ್ಥ ಸಿಕ್ಕಿತು. ಬೆಳೆದ ಪೈರಿನ ಮೇಲೆ ಅಲೆ ಓಡುವುದನ್ನು ನೋಡಿದವರು ಇದರ ಪುಟ್ಟ ರೂಪವನ್ನು ನೋಡಿದ್ದಾರೆ. ಜಪಾನಿನಲ್ಲಿ ಅದನ್ನು ಹೊನಾಮಿ ಅನ್ನುತ್ತಾರೆ.

'ಸ್ವೀಪ್', 'ಇಜೆಕ್ಷನ್' ಅಂತ ಬರೀತಾರಲ್ಲ, ಅವೇನು?

ಮೇಲಿನ ವೇಗದ ಗಾಳಿ ಕಾಡಿನೊಳಕ್ಕೆ ನುಗ್ಗುವುದು ಸ್ವೀಪ್, ಒಳಗಿನ ನಿಧಾನದ ಗಾಳಿ ಮೇಲಕ್ಕೆ ಚಿಮ್ಮುವುದು ಇಜೆಕ್ಷನ್. ನುಗ್ಗು, ಚಿಮ್ಮು ಅಂದರೆ ಸಾಕು. ನೆತ್ತಿಯಲ್ಲಿ ನುಗ್ಗಿನದೇ ಮೇಲುಗೈ, ನೆತ್ತಿಯಿಂದ ಸಾಕಷ್ಟು ಮೇಲೆ ಹೋದರೆ ಚಿಮ್ಮಿನದು.

ಹಗಲಿನ ಉಷ್ಣತೆಯ ದಾಖಲೆಯಲ್ಲಿ ಇದು ಬರಿಗಣ್ಣಿಗೆ ಕಾಣುತ್ತದೆ. ಗೆರೆ ಅರ್ಧ ನಿಮಿಷ, ಒಂದು ನಿಮಿಷ ಮೆಲ್ಲಮೆಲ್ಲನೆ ಏರುತ್ತದೆ, ಎಲೆಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾಯುತ್ತಿದೆ. ಇದ್ದಕ್ಕಿದ್ದಂತೆ ಕೆಲವೇ ಸೆಕೆಂಡುಗಳಲ್ಲಿ ಕಡಿದಾಗಿ ಬೀಳುತ್ತದೆ: ಮೇಲಿನ ತಂಪು ಗಾಳಿ ನುಗ್ಗಿ ಎಲ್ಲವನ್ನೂ ಗುಡಿಸಿತು. ಮತ್ತೆ ಏರು, ಮತ್ತೆ ಕುಸಿತ. ಗರಗಸದ ಹಲ್ಲಿನಂಥ ಈ ಗೆರೆ ನೋಡಿದರೆ ಕಾಡು ಒಂದೇ ಸಮನೆ ಉಸಿರಾಡುವುದಿಲ್ಲ, ತಡೆದು ತಡೆದು ಬಿಡುತ್ತದೆ ಎಂಬುದು ಮನದಟ್ಟಾಗುತ್ತದೆ. ಒಟ್ಟು ವಿನಿಮಯದ ಬಹುಪಾಲು ನಡೆಯುವುದು ಹೊತ್ತಿನ ಒಂದು ಸಣ್ಣ ಪಾಲಿನಲ್ಲಿ.

ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಹರಿಯುತ್ತೆ ಅನ್ನೋ ಸರಳ ನಿಯಮ ಕಾಡಲ್ಲಿ ಯಾಕೆ ಸೋಲುತ್ತೆ?

ಸುಳಿಗಳು ಕಾಡಿನಷ್ಟೇ ದೊಡ್ಡವಾಗಿರುವುದರಿಂದ. ಆ ನಿಯಮಕ್ಕೆ ಸುಳಿ ಸಣ್ಣದಾಗಿರಬೇಕು, ಸುತ್ತಲಿನ ಏರಿಳಿತವನ್ನು ಮಾತ್ರ ಅರಿತು ಸಾಗಬೇಕು. ಇಲ್ಲಿ ಒಂದು ನುಗ್ಗು ಹತ್ತಾರು ಮೀಟರ್ ಮೇಲಿನ ಗಾಳಿಯನ್ನು ನೇರವಾಗಿ ಒಳಗೆ ತಂದು ಸುರಿಯುತ್ತದೆ. ಅಲ್ಲಲ್ಲಿನ ಸರಾಸರಿ ಇಳಿಜಾರಿಗೆ ವಿರುದ್ಧವಾಗಿ ಶಾಖ, ನೀರಾವಿ, ಇಂಗಾಲದ ಡೈಆಕ್ಸೈಡ್ ಸಾಗುವುದನ್ನು ಡೆನ್‌ಮೀಡ್ ಮತ್ತು ಬ್ರಾಡ್ಲಿ ಆಸ್ಟ್ರೇಲಿಯಾದ ಪೈನ್ ಕಾಡೊಂದರಲ್ಲಿ ಅಳೆದು 1985ರಲ್ಲಿ ತೋರಿಸಿದರು. ಪೈನ್ ಕಾಡಿನಲ್ಲಿ ಕಂಡದ್ದಾದರೂ ಕಾರಣ ಸುಳಿಯ ಗಾತ್ರದಲ್ಲಿದೆ, ಹಾಗಾಗಿ ಮಳೆಕಾಡಿಗೂ ಅದು ಅನ್ವಯಿಸುತ್ತದೆ.

ಕಾಡೇ ಸಮುದ್ರದಿಂದ ತೇವದ ಗಾಳಿಯನ್ನ ಎಳ್ಕೊಳ್ಳುತ್ತೆ ಅಂತಾರೆ. ಒಪ್ಪಬಹುದಾ?

ಮಕರಿಯೇವಾ ಮತ್ತು ಗೊರ್ಶ್‌ಕೋವ್ 2007ರಲ್ಲಿ ಮುಂದಿಟ್ಟ ಈ ಊಹೆಯ ಬಗ್ಗೆ ಹವಾಮಾನ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನೀರಾವಿ ಮೋಡವಾಗಿ ಇಂಗುವಾಗ ಒತ್ತಡ ಇಳಿದು ಗಾಳಿ ಒಳಕ್ಕೆ ಬರುತ್ತದೆ ಎಂಬುದು ಅದರ ವಾದ. ತಗಾದೆ ಇರುವುದು ಆ ಬಲ ಎಷ್ಟು ದೊಡ್ಡದು ಎಂಬುದರಲ್ಲಿ. ಕಾಡು ಮಳೆಯನ್ನು ಮರಳಿ ಆವಿಯಾಗಿಸಿ ಮುಂದಿನ ಕಾಡಿಗೆ ದಾಟಿಸುತ್ತದೆ ಎಂಬುದರ ಬಗ್ಗೆ ಮಾತ್ರ ಎರಡು ಮಾತಿಲ್ಲ. ಬ್ರೆಜಿಲ್‌ನ ಎನೆಯಸ್ ಸಲಾಟಿ 1970ರ ದಶಕದಲ್ಲೇ ಮಳೆನೀರಿನ ಆಮ್ಲಜನಕದ ಐಸೋಟೋಪುಗಳಿಂದ (ಅದೇ ಧಾತುವಿನ ಹಗುರ, ಭಾರದ ರೂಪಗಳಿಂದ) ಅದನ್ನು ತೋರಿಸಿದ್ದರು.

ಕಾಡು ಕಡಿದ್ರೆ ಮಳೆ ಕಡಿಮೆ ಆಗುತ್ತೆ ಅಂತ ಗೊತ್ತು. ಗಾಳಿ ಏನಾಗುತ್ತೆ?

ಮೊದಲ ಏಟು ಅಂಚಿನ ಮರಗಳಿಗೆ. ಒಟ್ಟಾಗಿ ನಿಂತು ಗಾಳಿ ಹಂಚಿಕೊಳ್ಳುತ್ತಿದ್ದ ಮರಗಳ ಪಕ್ಕ ಬೋಳಾದಾಗ ಗಾಳಿ ನೇರವಾಗಿ ಬೊಡ್ಡೆಗಳ ನಡುವೆ ನುಗ್ಗುತ್ತದೆ. ಮನಾಸ್ ಬಳಿ 1979ರಿಂದ ನಡೆಯುತ್ತಿರುವ ತುಂಡುಕಾಡುಗಳ ಅಧ್ಯಯನದಲ್ಲಿ, ಅಂಚಿನಿಂದ ನೂರು ಮೀಟರ್ ಒಳಗೆ ದೊಡ್ಡ ಮರಗಳು ಹೆಚ್ಚಾಗಿ ಸಾಯುವುದು, ಗಾಳಿಯ ಪೆಟ್ಟು ಇನ್ನೂ ಒಳಕ್ಕೆ ತಲುಪುವುದು ಕಂಡುಬಂದಿದೆ.

ಆಮೇಲಿನದು ದೊಡ್ಡ ಪ್ರಮಾಣದ್ದು. ಹುಲ್ಲುಗಾವಲಾದ ನೆಲ ಬಿಸಿಲನ್ನು ನೂರಕ್ಕೆ ಸುಮಾರು 18 ಪಾಲು ಹಿಂದಿರುಗಿಸುತ್ತದೆ, ಕಾಡು 13. ಆದರೂ ಹುಲ್ಲು ನೀರಾವಿ ಕಡಿಮೆ ಬಿಡುವುದರಿಂದ ಒಣದಿನಗಳಲ್ಲಿ ಬಯಲೇ ಹೆಚ್ಚು ಕಾಯುತ್ತದೆ. ಸಣ್ಣ ಸಣ್ಣ ಬಯಲುಗಳಾಗಿದ್ದ ಕಾಲದಲ್ಲಿ ಕಾಡಿನ ತಂಪು ಗಾಳಿ ಬಯಲಿಗೆ ಹರಿದು, ಬಯಲಿನ ಮೇಲೆ ಮೋಡ ಕಟ್ಟುತ್ತಿತ್ತು. ಬಯಲು ನೂರಾರು ಕಿಲೋಮೀಟರ್ ಅಗಲವಾದ ಮೇಲೆ ಒರಟುತನದ ಆಟ ಶುರುವಾಗುತ್ತದೆ. ನುಣುಪು ಬಯಲಿನಲ್ಲಿ ಗಾಳಿ ವೇಗ ಪಡೆದು, ಅದರಾಚೆಯ ಒರಟು ಕಾಡಿಗೆ ತಾಗಿ ನಿಧಾನವಾಗಿ, ಅಲ್ಲಿ ಒತ್ತೊತ್ತಾಗಿ ಮೇಲೇಳುತ್ತದೆ. ರೊಂಡೋನಿಯಾದಲ್ಲಿ ಮೂರು ದಶಕಗಳ ಬದಲಾವಣೆಯನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಒಣಗಾಲದಲ್ಲಿ ಗಾಳಿ ಬರುವ ಆಗ್ನೇಯದ ಕಡೆ ಮೋಡ, ಮಳೆ ಕುಗ್ಗಿ, ಗಾಳಿ ಹೋಗುವ ವಾಯವ್ಯದ ಕಡೆ ಹೆಚ್ಚಿದೆ. ಕಡಿದವರ ನೆಲದ ಒಂದು ತುದಿಯ ಮಳೆ ಇನ್ನೊಂದು ತುದಿಗೆ ಸರಿದಿದೆ.